ಜರ್ಮನಿಗೆ ಹೊರಟ ಪಾವು ಕಿಲೋ ಕೋಟೆಮಣ್ಣು

ಹೆಸರು: ಬಸವೇಶ್ವರಿ ಗಂಡ ಅಮರನಾಥ, ವಯಸ್ಸು: 50 ವರ್ಷ, ಉದ್ಯೋಗ: ಬಿದ್ರಿ ಸಾಮಾನಿನ ಪಾಲಿಶ್ ಮತ್ತು ಪ್ಯಾಕಿಂಗ್ ಕೆಲಸ, ಸಾ: ಮೈಲೂರ, ಬೀದರ. ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನಾನು ಹದಿನೆಂಟು ವರ್ಷದಿಂದ ಜಹೀರೋದ್ದೀನ ಉಸ್ತಾದರ ಕಾರ್ಖಾನೆಯಲ್ಲಿ ದುಡಿಯುತ್ತಿದ್ದೇನೆ. ಕಳೆದ ಜನವರಿಯಲ್ಲಿ ಜರ್ಮನಿಯ ಗಿರಾಕಿಗೆ ಕಳಿಸಿದ ಉದ್ದ ಕತ್ತಿನ ಸುರಾಹಿ ಹೂಜಿಗಳು, ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆದಿದ್ದರಿಂದ, ಆಫ್ರಿಕಾ ಸುತ್ತಿ ಬಹಳ ತಡವಾಗಿ ಮುಟ್ಟಿದವು. ಉಪ್ಪುಗಾಳಿಗೆ ಅವುಗಳ ಕಪ್ಪು ಮಾಸಿತ್ತು. ಮುಂದೆ ಎರಡು ತಿಂಗಳು ಆ ಗಿರಾಕಿ ಮಾಲು ಕೇಳಲಿಲ್ಲ, ನಮ್ಮ ಕಾರ್ಖಾನೆಯಲ್ಲಿ ಸುತ್ತಿಗೆಯ ಸಪ್ಪಳ ಇರಲಿಲ್ಲ.

ಬಿದ್ರಿಗೆ ಕಪ್ಪು ಬರುವುದು ಕೋಟೆಯ ಹಳೇ ಮಣ್ಣಿನಿಂದ. ಈ ಸಲ ಮಾಲಿನ ಸಂಗಡ ಸ್ವಲ್ಪ ಮಣ್ಣು ಕಳಿಸೋಣ, ಮಾಸಿದರೆ ಅವರೇ ಹಚ್ಚಿಕೊಳ್ಳಲಿ ಎಂದು ನಾನು ಹೇಳಿದೆ. ಉಸ್ತಾದರು ನಕ್ಕು, “ಜರ್ಮನಿದಾಗ ಮಣ್ಣಿಲ್ಲೇನ್ರಿ ಅಕ್ಕಾ? ಹಡಗಿಗೂ ಬುತ್ತಿ ಕಟ್ತೀರೇನು?” ಎಂದು ಬೇಡವೆಂದರು. ದಿ. 07-06-2024ರ ಶುಕ್ರವಾರ ಮಧ್ಯಾಹ್ನ 1-30ಕ್ಕೆ ಅವರು ನಮಾಜಿಗೆ ಹೋದಾಗ, ಮೂಲೆಯ ಚೀಲದಿಂದ ಪಾವು ಕಿಲೋ, ಅಂದರೆ 250 ಗ್ರಾಂ, ಮಣ್ಣು ತೆಗೆದು ಅರಿವೆಯಲ್ಲಿ ಕಟ್ಟಿ ಏಳನೇ ಡಬ್ಬದ ಸುರಾಹಿಯೊಳಗೆ ಇಟ್ಟೆನು. ಯಾರಿಗೂ ಹೇಳಲಿಲ್ಲ.

ನಿನ್ನೆ ಸಂಜೆ 5ಕ್ಕೆ ಉಸ್ತಾದರ ಹೆಂಡತಿ ಅಜೀಜಾ ಬೇಗಂ ಎರಡು ಕಿಲೋಮೀಟರು ನಡೆದು ನಮ್ಮ ಮನೆಗೆ ಬಂದರು. ಮುಂಬಯಿ ಬಂದರಿನಲ್ಲಿ ದಿ. 10ರಂದು ಮಾಲು ತಪಾಸಣೆ ಮಾಡುವಾಗ ಕಾಗದದಲ್ಲಿಲ್ಲದ ಗಂಟು ಸಿಕ್ಕಿತೆಂದೂ, ಇದೇನೆಂದು ಕಸ್ಟಮ್ಸ್ ಸಾಹೇಬರು ಕೇಳಿದಾಗ ಮಾಲಿನ ಸಂಗಡ ಹೋಗಿದ್ದ ಉಸ್ತಾದರು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡರೆಂದೂ, ಪುರಾವೆ ನುಂಗುತ್ತಿದ್ದಾನೆಂದು ಕೈ ಹಿಡಿದು ಕೂರಿಸಿದರೆಂದೂ ತಿಳಿಸಿದರು. ನಮ್ಮಲ್ಲಿ ಈ ಮಣ್ಣನ್ನು ನಾಲಿಗೆಗೆ ಹಚ್ಚಿಯೇ ಪರೀಕ್ಷೆ ಮಾಡುವುದು. ಬಾಯಿಗೆ ಹತ್ತಿದ ಕೂಡಲೇ ಅದು ಕೋಟೆಮಣ್ಣೆಂದೂ ಯಾರ ಕೆಲಸವೆಂದೂ ಅವರಿಗೆ ತಿಳಿದಿರಬೇಕು. ಆದರೂ ತಾನೇ ಇಟ್ಟೆನೆಂದು ಬರೆದುಕೊಟ್ಟಿದ್ದಾರೆ. ಇನ್ನೂ ಬಿಟ್ಟಿಲ್ಲ. ಬಕ್ರೀದಿಗೆ ಐದು ದಿನ ಉಳಿದಿದೆ.

ಅಜೀಜಾ ಅಳುತ್ತ, “ನಿಮ್ಮ ಹೆಸರು ಎಲ್ಲೂ ಹೇಳಬ್ಯಾಡ ಅಂತ ಅವರು ಅಂದಾರ್ರಿ ಅಕ್ಕಾ” ಎಂದರು. “ನಾಳಿ ಮುಂಜಾನಿ ಲಿಂಗ ಕೈಯಾಗ ಹಿಡಕೊಂಡು ನಾ ಹ್ಯಾಂಗ ಕೂಡ್ಲಿ, ಹುಚ್ಚಿ?” ಎಂದೆನು.

ಪ್ರಕರಣ ನನ್ನ ಮೇಲೆ ಬರಬಹುದೆಂದು ಇಲ್ಲಿಯ ಸಾಹೇಬರು ತಿಳಿಸಿದರು. ನಾನು ಸಮುದ್ರ ಕಂಡವಳಲ್ಲ. ಆ ಬಂದರಿಗೆ ಕರೆದರೆ ಹೋಗುತ್ತೇನೆ. ಉಸ್ತಾದರು ಬರೆದುಕೊಟ್ಟದ್ದು ಸುಳ್ಳು. ಹದಿನೆಂಟು ವರ್ಷದಲ್ಲಿ ಅವರು ಹೇಳಿದ ಸುಳ್ಳು ನನಗೆ ಗೊತ್ತಿದ್ದಂತೆ ಇದೊಂದೇ. ಅದನ್ನು ಹೊಡೆದು ಹಾಕಿ ಅಲ್ಲಿ ನನ್ನ ಹೆಸರು ಬರೆಯಬೇಕು.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಖರೆ ಇದೆ.

ಸ್ಥಳ: ಬೀದರ
ದಿನಾಂಕ: 12-06-2024
ಸಹಿ: ಬಸವೇಶ್ವರಿ