ರಾಹುಕಾಲಕ್ಕೆ ಮುಂಚೆ ಅಂಟಿಸಿದ ಗೊಂಬೆ

ಕ್ಷಮೆಯ ವಿಷಯ ಹೇಳುತ್ತಿದ್ದೆ. ನಿದ್ದೆ ಬರುವವರಿಗೆ ಈಗೊಂದು ಕಥೆ.

ಯಾವುದೋ ಒಂದು ಊರಿನಲ್ಲಿ ಒಬ್ಬ ಸಾಹುಕಾರನಿದ್ದ. ಊರಿನ ಹೆಸರು ಕೇಳಬೇಡಿ. ಹೇಳಿದರೆ ನಿಮ್ಮಲ್ಲೇ ಯಾರಾದರೂ ಅವನ ಬೀಗರಾಗಿಬಿಡುತ್ತೀರಿ! ಮನೆ ದೊಡ್ಡದು, ಗಂಟಲು ಅದಕ್ಕಿಂತ ದೊಡ್ಡದು. ಪಂಚಾಂಗ ನೋಡದೆ ಉಗುರು ಕೂಡ ಕತ್ತರಿಸುವವನಲ್ಲ. ರಾಹುಕಾಲ ಅಂದರೆ ಮನೆಯವರೆಲ್ಲ ಕೈಕಟ್ಟಿ ಕೂರಬೇಕು.

ಅವನ ಹೆಂಡತಿ ಪ್ರತಿ ದಸರಾಕ್ಕೂ ಗೊಂಬೆ ಕೂರಿಸುತ್ತಿದ್ದಳು. ಆ ಗೊಂಬೆಗಳಲ್ಲಿ ಪಿಂಗಾಣಿಯದೊಂದು ಹುಡುಗಿ, ಭುಜದ ಮೇಲೆ ಗಿಳಿ. ಹೆಂಡತಿಯ ಅಕ್ಕ ಅವಳ ಮದುವೆಯಲ್ಲಿ ಕೊಟ್ಟದ್ದು. ಅಕ್ಕ ಈಗ ಇಲ್ಲ. ಹಬ್ಬ ಹತ್ತಿರ ಬಂತೆಂದು ಆಕೆ ಗೊಂಬೆಗಳನ್ನೆಲ್ಲ ಒರೆಸಿ ಮೇಜಿನ ಮೇಲೆ ಇಟ್ಟಿದ್ದಳು. ಸಾಹುಕಾರ ಬಂದ. ಕಾರಿನ ಕೀ ಸಿಗಲಿಲ್ಲ. ಕೀ ಸಿಗದಿದ್ದರೆ ಗಂಡಸರು ಹುಡುಕುವುದಿಲ್ಲ, ನೋಡಿ, ಕೂಗುತ್ತಾರೆ. ಕೂಗುತ್ತಾ ಕೈ ಬೀಸಿದ. ಪಿಂಗಾಣಿ ಹುಡುಗಿ ನೆಲಕ್ಕೆ ಬಿದ್ದು ಚೂರಾದಳು.

ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಆಗಿತ್ತು. ಮುಚ್ಚಿದನೇ? "ಅದಕ್ಯಾಕೆ ಹಾಗ್ ನೋಡ್ತೀಯ? ಇಂಥವು ಹತ್ತು ತಂದು ಹಾಕ್ತೀನಿ!" ಅಂದ.

ಆಕೆ ಚೂರುಗಳನ್ನು ಸೆರಗಿನಲ್ಲಿ ಆರಿಸಿಕೊಂಡು ಎದ್ದಳು. "ಈ ವರ್ಷ ಗೊಂಬೆ ಕೂರಿಸಲ್ಲ," ಅಂದಳು. ಆಮೇಲೆ ಆ ಮನೆಯಲ್ಲಿ ಮಾತೆಂದರೆ ಎರಡೇ. ಊಟಕ್ಕೆ ಬನ್ನಿ. ಊಟ ಆಯ್ತಾ. ಸಾರಿಗೆ ಉಪ್ಪು ಸರಿಯಾಗಿತ್ತು, ಪಲ್ಯಕ್ಕೆ ಒಗ್ಗರಣೆ ಸರಿಯಾಗಿತ್ತು, ಆದರೂ ಅವನಿಗೆ ತುತ್ತು ಇಳಿಯಲಿಲ್ಲ. ಹೆಂಡತಿ ಜಗಳ ಆಡಿದರೆ ತಡೆದುಕೊಳ್ಳಬಹುದು, ಮರ್ಯಾದೆ ಕೊಡಲು ಶುರುಮಾಡಿದರೆ ತಡೆದುಕೊಳ್ಳಲಾದೀತೇ? ಅವನಿಗೆ ನಿಜವಾಗಿ ಹೆದರಿಕೆಯಾಯಿತು.

ತಾನೇ ಅಂಟಿಸಿಬಿಡುತ್ತೇನೆ ಎಂದು ಹೊರಟ. ಶುಕ್ರವಾರ ಬೆಳಿಗ್ಗೆ ಅಂಟಿನ ಟ್ಯೂಬು, ಚೂರುಗಳ ತಟ್ಟೆ ಇಟ್ಟುಕೊಂಡು ಕೂತ. ಹತ್ತೂವರೆಗೆ ರಾಹುಕಾಲ! ಅಷ್ಟರೊಳಗೆ ಮುಗಿಸಬೇಕು. ಅಂಚಿನ ಧೂಳು ಒರೆಸಲಿಲ್ಲ. ಯಾವುದರ ಪಕ್ಕ ಯಾವುದು ಎಂದು ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡಲಿಲ್ಲ. ದೊಡ್ಡ ಚೂರು ಸಿಕ್ಕಿತೋ, ಅಂಟು ಸುರಿ, ಒತ್ತು. ಮತ್ತೊಂದು ಸಿಕ್ಕಿತೋ, ಸುರಿ, ಒತ್ತು. ರಾಹುಕಾಲಕ್ಕೆ ಮುಂಚೆ ಎಲ್ಲ ಮುಗಿಯಿತು, ಒಂದು ಬಿಟ್ಟು. ಗಿಳಿ ಕೂತಿದ್ದ ಭುಜದ ತುಂಡು ಒಳಗೆ ಹೋಗುತ್ತಿಲ್ಲ. ಅದರ ಜಾಗವನ್ನು ಸುತ್ತಲಿನ ಚೂರುಗಳು ಆಗಲೇ ಇಕ್ಕಟ್ಟು ಮಾಡಿಬಿಟ್ಟಿದ್ದವು.

ಬುದ್ಧಿವಂತ ಏನು ಮಾಡಿದ ಗೊತ್ತೇ? ಕಬ್ಬಿಣ ಉಜ್ಜುವ ಅರ ತಂದು, ಆ ತುಂಡನ್ನೇ ಉಜ್ಜಿ ಸಣ್ಣದು ಮಾಡಲು ಹೊರಟ! ಕಿರ್ ಅಂತ ಸದ್ದು ಕೇಳಿ ಹೆಂಡತಿ ಅಡುಗೆಮನೆಯಿಂದ ಓಡಿಬಂದಳು.

"ಅಯ್ಯೋ, ಅದನ್ಯಾಕ್ರೀ ಉಜ್ಜುತ್ತಿದ್ದೀರಾ? ಅದರದ್ದೇನು ತಪ್ಪು?"

"ಇದು ಕೂರ್ತಾ ಇಲ್ಲ ಕಣೇ."

"ನೀವು ಜಾಗ ಬಿಟ್ಟಿದ್ರೆ ತಾನೇ ಕೂರೋದು?"

ಎಷ್ಟೋ ದಿನದ ಮೇಲೆ ಅವಳ ಬಾಯಿಂದ ಬಂದ ಮೂರನೆಯ ಮಾತು ಅದು. ಬೈಗುಳವಾದರೂ ಅವನಿಗೆ ಪಾಯಸದಂತಿತ್ತು.

ಇಬ್ಬರೂ ಗೊಂಬೆಯನ್ನು ಬಿಸಿನೀರಿನಲ್ಲಿ ನೆನೆಹಾಕಿದರು. ಅಂಟು ಸಡಿಲವಾಯಿತು. ಮಾಡಿದ್ದನ್ನೆಲ್ಲ ಬಿಚ್ಚಿದರು. ಮರುದಿನ ಅಂಚುಗಳನ್ನು ತೊಳೆದು ಒಣಗಿಸಿದರು, ಅಂಟಿಲ್ಲದೆ ಒಂದೊಂದನ್ನೂ ಜೋಡಿಸಿ ನೋಡಿದರು. ಎಲ್ಲಿ ಶುರುಮಾಡಬೇಕು ಎಂದು ಆಗ ತಿಳಿಯಿತು. ಆ ಸಣ್ಣ ಭುಜದ ತುಂಡಿನಿಂದಲೇ! ಕಡ್ಡಿಯ ತುದಿಯಲ್ಲಿ ಚೂರೇ ಚೂರು ಅಂಟು ಹಚ್ಚಿದರು. ಅವಳು ಕೆಳಗಿನ ಭಾಗ ಹಿಡಿದಳು, ಅವನು ಮೇಲಿನದು. ಅದು ಗಟ್ಟಿಯಾಗುವ ತನಕ ಕೈ ಅಲ್ಲಾಡಿಸುವ ಹಾಗಿಲ್ಲ. ಫೋನು ಬಡಿದುಕೊಂಡಿತು. ತೆಗೆದುಕೊಳ್ಳಲು ಕೈಯೆಲ್ಲಿದೆ?

"ರಾಹುಕಾಲ ಬಂತು ನೋಡಿ, ಬಿಡ್ತೀರಾ?" ಅಂದಳು.

"ಬಿಟ್ರೆ ಬೀಳುತ್ತಲ್ಲೇ!"

ಆಕೆ ಗೊಂಬೆಯ ಭುಜವನ್ನೇ ನೋಡಿದಳು. ಆಮೇಲೆ ಕೇಳಿದಳು, "ಹತ್ತು ತಂದು ಹಾಕ್ತೀನಿ ಅಂದ್ರಲ್ಲ ಅವತ್ತು. ನಮ್ಮಕ್ಕನ್ನ ಎಲ್ಲಿಂದ ತರ್ತಿದ್ರಿ?"

ಸಾಹುಕಾರನಿಗೆ ಆಗ ಅರ್ಥವಾಯಿತು. ಇಷ್ಟು ದಿನ ಅವನು ಗೊಂಬೆ ಒಡೆದದ್ದಕ್ಕೆ ಕೋಪ ಎಂದುಕೊಂಡಿದ್ದ. ಕಣ್ಣು ತುಂಬಿತು, ಒರೆಸಿಕೊಳ್ಳಲೂ ಕೈ ಬಿಡುವಿರಲಿಲ್ಲ. "ತಪ್ಪಾಯ್ತು ಕಣೇ. ಆ ಮಾತು ನಾನು ಆಡಬಾರದಿತ್ತು," ಅಂದ. ಅವಳೂ ಅತ್ತಳು. ಇಬ್ಬರೂ ಅಳುತ್ತಲೇ ಗೊಂಬೆ ಹಿಡಿದುಕೊಂಡಿದ್ದರು.

ಆ ವರ್ಷ ಗೊಂಬೆ ಕೂರಿಸಿದರು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸೊಬ್ಬಳು ಭುಜದ ಗೆರೆ ನೋಡಿ, "ಒಡೆದ ಗೊಂಬೆ ಕೂರಿಸಬಾರದಲ್ವೇನ್ರೀ?" ಎಂದು ಮೂಗು ಮುರಿದಳು. ಒಳಗಿನಿಂದ ಸಾಹುಕಾರನೇ ಹೇಳಿದ: "ಒಡೆದದ್ದು ನಾನಮ್ಮ. ಕೂಡಿಸಿದ್ದು ನಾವಿಬ್ರೂ."

ನಗುತ್ತಿದ್ದೀರಿ. ನಗಿ, ನಗಿ. ಅವನು ಅರ ಹಿಡಿದದ್ದು ಒಂದು ಸಲ. ನಾವು? ಹಬ್ಬ ಬಂತು, ನೆಂಟರು ಬರುತ್ತಾರೆ, ಅಷ್ಟರೊಳಗೆ ರಾಜಿಯಾಗಿಬಿಡಲಿ ಎಂದು "ಆಯ್ತು ಬಿಡು, ಅದನ್ನೇ ಎಷ್ಟು ಹೇಳ್ತೀಯ" ಎಂದು ಅಂಟು ಸುರಿಯುತ್ತೇವೆ. ಎದುರಿನವರ ನೋವಿಗೆ ಅದರಲ್ಲಿ ಜಾಗವೇ ಇರುವುದಿಲ್ಲ. ಆಮೇಲೆ "ನಿನಗೆ ಹೊಂದಿಕೊಳ್ಳೋದೇ ಗೊತ್ತಿಲ್ಲ" ಎಂದು ಅವರನ್ನೇ ಉಜ್ಜುತ್ತೇವೆ. ಉಜ್ಜುತ್ತೇವೋ ಇಲ್ಲವೋ? ಪಕ್ಕದವರ ಮುಖ ನೋಡಬೇಡಿ ಸ್ವಾಮಿ, ನಿಮ್ಮನ್ನೇ ಕೇಳುತ್ತಿದ್ದೇನೆ!

ಇವತ್ತು ಮನೆಗೆ ಹೋಗಿ. ಹೆಂಡತಿಯೋ, ಗಂಡನೋ, ತಮ್ಮನೋ, ಸೊಸೆಯೋ, ಯಾರ ಜೊತೆ ಮಾತು ಊಟದಷ್ಟಕ್ಕೇ ನಿಂತಿದೆಯೋ ಅವರ ಎದುರು ಕೂತುಕೊಳ್ಳಿ. ಫೋನು ಇನ್ನೊಂದು ಕೋಣೆಯಲ್ಲಿರಲಿ. "ತಪ್ಪಾಯ್ತು" ಅನ್ನುವುದಕ್ಕೂ ಮೊದಲು, "ನಾನು ಆಡಿದ ಯಾವ ಮಾತು ನಿನಗೆ ನೋವು ಮಾಡಿತು?" ಎಂದು ಕೇಳಿ. ಅವರು ಹೇಳುತ್ತಾರೆ. ಕೇಳುವುದು ಕಷ್ಟವಾಗುತ್ತದೆ, ಎದ್ದು ಹೋಗೋಣ ಅನ್ನಿಸುತ್ತದೆ. ಏಳಬೇಡಿ. ಅವರು ಹೇಳಿ ಮುಗಿಸುವವರೆಗೆ "ನೀನೇನು ಕಮ್ಮಿನಾ?" ಎನ್ನುವ ಆ ಒಂದು ಮಾತನ್ನು ನುಂಗಿಕೊಂಡು ಕೂತಿರಿ.