ಗುಜರಿ ಯಾರ್ಡ್‌ನ ಎಣ್ಣೆ

ನನ್ನ ಹೆಸರು ಹೇಮಾಕ್ಷಿ, ಪ್ರಾಯ 43 ವರ್ಷ, ಗಂಡ: ದೀಪೇಶ್, ಕಸುಬು: ಬಾತುಕೋಳಿ ಸಾಕಿ ಮೊಟ್ಟೆ ಮಾರುವುದು, ವಾಸ: ಬೈಲುಮನೆ, ವಾಮಂಜೂರು, ಮಂಗಳೂರು. ಈ ದಿನ ನಾನೇ ಠಾಣೆಗೆ ಬಂದು ಬರೆಸುವ ಹೇಳಿಕೆ ಏನೆಂದರೆ,

ನಾನು ಮಗಳು ನಿರೀಕ್ಷಾಳೊಂದಿಗೆ ಮೇಲಿನ ವಿಳಾಸದಲ್ಲಿ ವಾಸವಾಗಿರುತ್ತೇನೆ. ಗಂಡ ಮಸ್ಕತ್‌ನಲ್ಲಿ ಕೆಲಸದಲ್ಲಿರುತ್ತಾರೆ. ನಮ್ಮ ಗದ್ದೆಯ ಬದಿಯಲ್ಲಿ ತೋಡು ಹರಿಯುತ್ತಿದ್ದು, ತೋಡಿನ ಆಚೆ ನನ್ನ ಒಡಹುಟ್ಟಿದ ಅಣ್ಣ ಚಿತ್ತರಂಜನನ ಗುಜರಿ ಯಾರ್ಡ್ ಇರುತ್ತದೆ. ಅವನು ಹಳೆಯ ಟ್ರಾನ್ಸ್‌ಫಾರ್ಮರ್‌ಗಳನ್ನು ತಂದು ಒಡೆದು ತಾಮ್ರ ತೆಗೆಯುತ್ತಾನೆ. ಒಳಗಿನ ಎಣ್ಣೆಯನ್ನು ಸ್ವಲ್ಪ ಪೀಪಾಯಿಗೆ ತುಂಬಿಸಿ ಉಳಿದದ್ದನ್ನು ನೆಲಕ್ಕೆ ಬಿಡುತ್ತಾನೆ. ಮಳೆಗಾಲದಲ್ಲಿ ಅದು ತೋಡಿಗೆ ಇಳಿಯುತ್ತದೆ. ನನ್ನ ಬಾತುಕೋಳಿಗಳು ಮೇಯುವುದು ಅದೇ ತೋಡಿನಲ್ಲಿ.

ಕಳೆದ ದೀಪಾವಳಿಯ ನಂತರ ಕಾವಿಗೆ ಇಟ್ಟ ಮೊಟ್ಟೆಗಳು ಮರಿಯಾಗಲಿಲ್ಲ. ಒಡೆದು ಬಂದ ಒಂದೆರಡು ಮರಿಗಳ ಕೊಕ್ಕು ಕತ್ತರಿಯ ಹಾಗೆ ಅಡ್ಡವಾಗಿದ್ದು, ಕಾಳು ಹೆಕ್ಕಲಾಗದೆ ಸತ್ತವು. ತೋಡಿನ ಬದಿಯಲ್ಲಿ ಬೆಳ್ಳಕ್ಕಿಗಳೂ ಸತ್ತು ಬಿದ್ದಿದ್ದವು. ನಿರೀಕ್ಷಾ ಎಂ.ಎಸ್ಸಿ. ಓದುತ್ತಿದ್ದು, ಆಕೆಯ ಅಧ್ಯಾಪಕಿ ಡೈಸಿ ಮೇಡಂರವರು ಮೊಟ್ಟೆಯನ್ನೂ ತೋಡಿನ ಮಣ್ಣನ್ನೂ ಪರೀಕ್ಷೆಗೆ ಕಳುಹಿಸಿದರು.

ನಿನ್ನೆ ದಿನಾಂಕ 12-02-2025ರಂದು ಬೆಳಿಗ್ಗೆ ಮೇಡಂರವರು ನಮ್ಮ ಮನೆಗೆ ಬಂದು, ಎರಡರಲ್ಲೂ ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪಿಸಿಬಿ ಎಂಬ ವಿಷ ಸಿಕ್ಕಿರುವುದಾಗಿಯೂ, ಅದು ವರ್ಷಗಟ್ಟಲೆ ಮಣ್ಣಿನಲ್ಲಿ ಹಾಗೆಯೇ ಉಳಿದು ಹುಳದಿಂದ ಹಕ್ಕಿಗೆ, ಮೊಟ್ಟೆಯಿಂದ ಮನುಷ್ಯರ ಕೊಬ್ಬಿಗೆ, ತಾಯಿಯ ಹಾಲಿಗೂ ಸೇರುವುದಾಗಿಯೂ ತಿಳಿಸಿದರು. ತಾವು ದೂರು ಕೊಟ್ಟಿದ್ದು, ಅಧಿಕಾರಿಗಳು ಮರುದಿನ ಮಧ್ಯಾಹ್ನ ಯಾರ್ಡ್ ನೋಡಲು ಬರುವರೆಂದೂ ಹೇಳಿದರು.

ಹಾಲು ಎಂದ ಕೂಡಲೇ ನನಗೆ ನೆರೆಮನೆಯ ಝಹ್ರಾರವರ ಮಗಳು ಫಾಯಿಝಾಳ ನೆನಪಾಯಿತು. ಬಸುರಿಯಾಗಿದ್ದಾಗಲೂ ಬಾಣಂತನದಲ್ಲೂ ಆಕೆ ತಿಂದದ್ದು ನನ್ನ ಮೊಟ್ಟೆ. ದೊಡ್ಡದನ್ನು ಆರಿಸಿ ಕೊಡುತ್ತಿದ್ದೆನು. ನಾನೇ ಹೋಗಿ ವಿಷಯ ತಿಳಿಸಿದೆನು. ಆಕೆ ಹಾಲು ಕುಡಿಯುತ್ತಿದ್ದ ಮಗುವನ್ನು ಎದೆಯಿಂದ ಬಿಡಿಸಿ, "ಹೇಮಕ್ಕ, ಇನ್ನು ಕೊಡುವುದಾ, ಬೇಡವಾ? ನೀವೇ ಹೇಳಿ" ಎಂದು ಕೇಳಿದಳು. ಡಾಕ್ಟರನ್ನು ಕೇಳು ಎಂದು ಹೇಳಿ ನಾನು ಮನೆಗೆ ಬಂದೆನು. ಮಧ್ಯಾಹ್ನ ಮಕ್ಕಳ ಡಾಕ್ಟರು ಫೋನಿಗೆ ಸಿಗುವವರೆಗೆ ಆಕೆ ಹಾಲು ಕೊಡಲಿಲ್ಲ. ಮಗು ಅಳುವುದು ನನ್ನ ಅಡುಗೆ ಕೋಣೆಗೆ ಕೇಳುತ್ತಿತ್ತು. ಹಾಲು ನಿಲ್ಲಿಸಬಾರದು, ಅದರಿಂದ ಮಗುವಿಗೆ ಒಳ್ಳೆಯದೇ ಹೆಚ್ಚು, ಮೊಟ್ಟೆ ಮಾತ್ರ ಬಿಡಬೇಕು ಎಂದು ಡಾಕ್ಟರು ಹೇಳಿದ ಮೇಲೆ ಅಳು ನಿಂತಿತು.

ಸಂಜೆ ನಾನು ಅಣ್ಣನ ಬಳಿ ಹೋಗಿ, ಅಧಿಕಾರಿಗಳು ಬರುವುದನ್ನೂ ಸೇರಿಸಿ ಎಲ್ಲವನ್ನೂ ತಿಳಿಸಿ, ಕೆಲಸ ನಿಲ್ಲಿಸುವಂತೆ ಕೇಳಿಕೊಂಡೆನು. ಅವನು ನಕ್ಕು, "ಎಂತ ವಿಷ ಮಾರಾಯ್ತಿ? ಆ ಎಣ್ಣೆಯನ್ನು ಜನ ಮಂಡಿನೋವಿಗೆ ತಿಕ್ಕುತ್ತಾರೆ. ನಾನು ದಿನಾ ಅದರಲ್ಲೇ ಕೈ ಹಾಕುವುದು, ನನಗೆ ಎಂತ ಆಗಿದೆ?" ಎಂದನು.

ಈ ದಿನ ಬೆಳಿಗ್ಗೆ ಸುಮಾರು 10.15 ಗಂಟೆಗೆ ಯಾರ್ಡ್‌ನಿಂದ ಪೀಪಾಯಿ ಉರುಳಿಸುವ ಸದ್ದು ಕೇಳಿ ಹೋಗಿ ನೋಡಲಾಗಿ, ಅಣ್ಣನೂ ಅವನ ಕೆಲಸದ ಅಝರ್ ಎಂಬಾತನೂ ಎಣ್ಣೆ ತುಂಬಿದ ಪೀಪಾಯಿಗಳನ್ನು ಮೂಲೆಯ ಹಾಳುಬಾವಿಯ ಕಡೆಗೆ ತರುತ್ತಿದ್ದರು. ಆ ಬಾವಿಯ ಕೆಳಮಗ್ಗುಲಿಗೇ ಝಹ್ರಾರವರ ಕುಡಿಯುವ ನೀರಿನ ಬಾವಿ ಇರುತ್ತದೆ. ನಾನು ಓಡಿ ಹೋಗಿ ಬಾವಿಕಟ್ಟೆಯನ್ನು ಹತ್ತಿ ನಿಂತೆನು. ಅಣ್ಣ, "ಇಳಿ ಹೇಮಾ. ತಲೆ ಕೆಟ್ಟರೆ ತಂಗಿ ಅಂತ ನೋಡುವುದಿಲ್ಲ" ಎಂದು ಗದರಿದನು. ಅಧಿಕಾರಿಗಳು ಬರುವವರೆಗೆ ಇಳಿಯುವುದಿಲ್ಲ ಎಂದೆನು. ಅಝರ್ ಪೀಪಾಯಿ ಬಿಟ್ಟು ಹಿಂದೆ ಸರಿದು, "ಕೆಳಗಿನ ಮನೆಯಲ್ಲಿ ಸಣ್ಣ ಮಗು ಉಂಟು ಧಣಿ. ನನ್ನಿಂದ ಆಗುವುದಿಲ್ಲ" ಎಂದನು.

ಆಗ ಅಣ್ಣನು ತಾನೇ ಪೀಪಾಯಿಯನ್ನು ಕಟ್ಟೆಗೆ ಒರಗಿಸಿ, ಮುಚ್ಚಳ ತೆಗೆದು, ನನ್ನ ಕೈ ಹಿಡಿದು ಎಳೆದನು. ನನ್ನ ಒಂದು ಕಾಲು ಬಾವಿಯ ಒಳಗಡೆಗೆ ಜಾರಿತು. ಅವನು ಗಾಬರಿಯಿಂದ ಎರಡೂ ಕೈಗಳಿಂದ ನನ್ನನ್ನು ಹೊರಗೆ ಸೆಳೆದಾಗ ಪೀಪಾಯಿ ಮಗುಚಿ, ಎಣ್ಣೆ ನನ್ನ ಸೊಂಟದಿಂದ ಪಾದದವರೆಗೆ ಸುರಿಯಿತು.

ಅಣ್ಣನು, "ಅಝರ್, ಸೋಪು ತಾ, ಬೇಗ! ಹೇಮಾ, ಕಣ್ಣು ಉಜ್ಜಬೇಡ, ಬಾಯಿಗೆ ಕೈ ತಾಗಿಸಬೇಡ!" ಎಂದು ಕೂಗಿದನು. ಪೈಪು ಎಳೆದು ತಂದು, ನೆಲದಲ್ಲಿ ಕುಳಿತು, ನನ್ನ ಕಾಲುಗಳನ್ನು ಮತ್ತೆ ಮತ್ತೆ ಸೋಪು ಹಾಕಿ ತೊಳೆದನು. "ನಿನಗೆ ಗೊತ್ತಿತ್ತಾ ಅಣ್ಣ?" ಎಂದು ಕೇಳಿದೆನು. ಅವನು ಮತ್ತೊಮ್ಮೆ ಸೋಪು ಹಚ್ಚಿದನು.

ನನ್ನ ಹಿಂದೆಯೇ ಬಂದಿದ್ದ ನಿರೀಕ್ಷಾ 112ಕ್ಕೆ ಕರೆ ಮಾಡಿದಳು. ಪೊಲೀಸರು ಬರುವವರೆಗೆ ಅಣ್ಣ ಎಲ್ಲಿಗೂ ಹೋಗಲಿಲ್ಲ. ನಾನು ತಪಾಸಣೆಗೆಂದು ಆಸ್ಪತ್ರೆಗೆ ಹೋಗಿದ್ದಾಗ ತಾಯಿ ಅಕ್ಕುರವರು ಫೋನ್ ಮಾಡಿ, ಅಣ್ಣನ ಮೇಲೆ ಕೇಸು ಮಾಡಿದರೆ ತವರಿನ ಮೆಟ್ಟಿಲು ಹತ್ತಬೇಡ ಎಂದು ಅತ್ತರು. ನಾನು ಅಲ್ಲಿಂದ ನೇರವಾಗಿ ಠಾಣೆಗೆ ಬಂದಿರುತ್ತೇನೆ. ಅವನಿಗೆ ಹೊಡೆಯಬಾರದು ಎಂದು ಕೇಳಿಕೊಳ್ಳುತ್ತೇನೆ. ಬಿಡಲೂಬಾರದು ಎಂದು ಕೇಳಿಕೊಳ್ಳುತ್ತೇನೆ.

ಇಷ್ಟನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಬರೆದಿದ್ದು, ನಡೆದದ್ದೂ ಹೀಗೆಯೇ.

ಸ್ಥಳ: ಮಂಗಳೂರು
ದಿನಾಂಕ: 13-02-2025
(ಸಹಿ) ಹೇಮಾಕ್ಷಿ