ಮುಖ ನೋಡಿದ ಮೇಲೆ

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅಕ್ಕ, ಅವಳ ತಮ್ಮ ಕೂತಿದ್ದರು.

"ಪ್ರೆಸ್ಸಲ್ಲಿ ಮೊದಲ ಪುಟ ನಿಲ್ಸಿ ಕಾಯ್ತಿದ್ದಾರೆ. ಅಪ್ಪ ಹೋದ ಸುದ್ದಿ ಕಳಿಸ್ಲಾ ಅಕ್ಕ?"

"ನೀನು ಮುಖ ನೋಡಿದ್ಯಾ?"

"ಡಾಕ್ಟ್ರೇ ಹೇಳಿದ್ರಲ್ಲ."

"ಪೇಪರ್ ನಡೆಸ್ತಿದ್ದಾಗ ತಾತನಿಗೂ ಹೀಗೇ ಯಾರೋ ಹೇಳಿದ್ರು. ಊರಿನ ಮೇಷ್ಟ್ರು ತೀರಿಕೊಂಡ್ರು ಅಂತ ಅಚ್ಚು ಹಾಕಿದ್ರು. ಬೆಳಿಗ್ಗೆ ಮೇಷ್ಟ್ರೇ ಪೇಪರ್ ಹಿಡ್ಕೊಂಡು ಬಂದು ಬಾಗಿಲು ತಟ್ಟಿದ್ರು."

"ಆ ಕತೆ ಈಗ್ಯಾಕೆ?"

"ಅವತ್ತಿಂದ, ಬರೆಯೋರು ಹೋಗಿ ಮುಖ ನೋಡದೆ ನಮ್ಮ ಪೇಪರಲ್ಲಿ ಒಂದು ಸಾವೂ ಬಂದಿಲ್ಲ."

"ಅಪ್ಪನಿಗೂ ಅದೇ ನಿಯಮನಾ? ನನ್ನ ಕೈಲಾಗಲ್ಲ. ನೀನು ನೋಡಿದ್ದೀಯಲ್ಲ."

"ಬರೆಯೋನು ನೀನು. ತಾತ ಹೋದಾಗ ಅಪ್ಪನೂ ನೋಡಿದ ಮೇಲೇ ಬರೆದದ್ದು."

ತಮ್ಮ ಪ್ರೆಸ್ಸಿಗೆ ಫೋನ್ ಮಾಡಿದ.

"ಸ್ವಲ್ಪ ತಡೀರಿ. ನಾನಿನ್ನೂ ನೋಡಿಲ್ಲ."

ಅಕ್ಕನ ಕೈ ಹಿಡಿದುಕೊಂಡು ಒಳಗೆ ಹೋದ.